ಹಕ್ಕುಪತ್ರ ರದ್ದಾದಾಗ

ಬೆಳಗಿನ ಮೊದಲ ಬಸ್ಸಿಗೆ ಸುಳ್ಯದಿಂದಲೊ ಕಡಬದಿಂದಲೊ ಹೊರಟು, ಪುತ್ತೂರಿನ ಸಹಾಯಕ ಕಮಿಷನರರ ನ್ಯಾಯಾಲಯದ ಮುಂದೆ ಸರದಿ ಕಾಯುವವರ ಕೈಯಲ್ಲಿ ಬುತ್ತಿಯಿರಲಿ ಇಲ್ಲದಿರಲಿ, ಕಾಗದದ ಚೀಲವೊಂದು ಇದ್ದೇ ಇರುತ್ತದೆ. ಕರೆಂಟಿನ ಬಿಲ್ಲು, ಪಡಿತರ ಚೀಟಿ, ಪಂಚಾಯತಿಗೆ ತೆರಿಗೆ ಕಟ್ಟಿದ ರಶೀದಿ, ಎಲ್ಲಕ್ಕೂ ಮೇಲೆ ಮಡಿಕೆಯಲ್ಲಿ ಸವೆದ ಹಕ್ಕುಪತ್ರ. ಅದರ ಬೆನ್ನಿಗೆ, ಇನ್ನೂ ಗರಿಗರಿಯಾಗಿರುವ ಮತ್ತೊಂದು ಹಾಳೆ: ಆ ಹಕ್ಕುಪತ್ರವನ್ನು ರದ್ದುಪಡಿಸಲಾಗಿದೆ ಎಂಬ ಆದೇಶ.

ಅಂಥ ಒಂದು ಸಂಸಾರವನ್ನು ವಾಚಕರು ಕಣ್ಣ ಮುಂದೆ ತಂದುಕೊಳ್ಳಬಹುದು. ಯಜಮಾನ ಅಡಿಕೆ ತೋಟಗಳಲ್ಲಿ ಕೂಲಿ ಮಾಡುವವನು. ಹೆಂಡತಿ ಬೀಡಿ ಕಟ್ಟುವವಳು. ಸರಕಾರ ಮಂಜೂರು ಮಾಡಿದ ಐದು ಸೆಂಟ್ಸಿನಲ್ಲಿ, ಅಂದರೆ 2,178 ಚದರಡಿ ನೆಲದಲ್ಲಿ, ವರ್ಷಕ್ಕೊಂದು ಗೋಡೆಯಂತೆ ಎಬ್ಬಿಸಿದ ಮನೆ. ಹಕ್ಕುಪತ್ರವನ್ನು ಆಕೆ ದೇವರ ಪಟದ ಹಿಂದೆ ಇಟ್ಟಿದ್ದಳು. ಒಂದು ಸಂಜೆ ಉಗ್ರಾಣಿ ಬಂದು ಹೊಸ ಕಾಗದ ಕೊಟ್ಟು, ಸಹಿ ಹಾಕಿಸಿಕೊಂಡು ಹೋದ. ಇಂಗ್ಲಿಷಿನ ಆದೇಶವಾಗಿದ್ದರೆ ಓದಲಾರೆನೆಂದು ಸಮಾಧಾನಪಡಬಹುದಿತ್ತು. ಅದು ಕನ್ನಡದಲ್ಲಿಯೇ ಇತ್ತು. ಓದಿದಳು. ಅರ್ಥವಾದದ್ದು ಒಂದೇ ಮಾತು, ‘ರದ್ದು.’

ಈ ಸೀಮೆಯಲ್ಲಿ ನೆಲದ ಕಾಗದವು ಎಂದೂ ಹಗುರವಾದ ವಸ್ತುವಾಗಿರಲಿಲ್ಲ. 1834ರಲ್ಲಿ ಕೊಡಗು ಕಂಪೆನಿ ಸರಕಾರದ ವಶವಾದ ಮೇಲೆ ಅಮರ ಸುಳ್ಯ, ಪುತ್ತೂರು ಮಾಗಣೆಗಳನ್ನು ಕೆನರಾ ಜಿಲ್ಲೆಗೆ ಸೇರಿಸಲಾಯಿತು. ಧಾನ್ಯದ ರೂಪದಲ್ಲಿ ಸಲ್ಲುತ್ತಿದ್ದ ಕಂದಾಯವನ್ನು ನಗದಾಗಿ ಕೊಡಬೇಕಾಯಿತು. 1837ರಲ್ಲಿ ರೈತರ ದಂಡು ಸುಳ್ಯದ ಕಡೆಯಿಂದ ಮಂಗಳೂರಿನವರೆಗೆ ನಡೆದದ್ದಕ್ಕೆ ಅದೂ ಒಂದು ಕಾರಣ. ಮುಂದೆ ಮದರಾಸು ಆಡಳಿತದಲ್ಲಿ ಇಲ್ಲಿನ ಭೂಮಿಗೆ ಒಂದು ವಿಶಿಷ್ಟ ರೂಪ ಬಂದಿತು. ಕಂದಾಯ ತೆರುವ ವರ್ಗ ಸ್ಥಳ ಒಂದು ಕಡೆ. ಅದರ ಅಂಚಿನಲ್ಲಿ ಸೊಪ್ಪು, ಕಟ್ಟಿಗೆ ತರಲು ವರ್ಗದಾರನಿಗೆ ಬಿಟ್ಟ ಕುಮ್ಕಿ ಇನ್ನೊಂದು ಕಡೆ. ಕುಮ್ಕಿ ಎಂದರೆ ನೆರವು ಎಂದೇ ಅರ್ಥ. ತೋಟಕ್ಕೆ ಸೊಪ್ಪಿನ ನೆರವು. ಕುಮ್ಕಿಯ ನೆಲ ಸರಕಾರದ್ದು, ಅನುಕೂಲ ಮಾತ್ರ ವರ್ಗದಾರನದು. 1956ರ ನವೆಂಬರ್ 1ರಂದು ಜಿಲ್ಲೆಯು ಮೈಸೂರು ರಾಜ್ಯಕ್ಕೆ ಸೇರಿತು. ಬಳಿಕ ಬಂದ 1964ರ ಭೂಕಂದಾಯ ಶಾಸನವೂ ತನ್ನ 79ನೆಯ ಪ್ರಕರಣದಲ್ಲಿ ಈ ಅನುಕೂಲವನ್ನು ಉಳಿಸಿಕೊಂಡಿತು.

ಭೂಮಿಯಿಲ್ಲದವನು ಗುಡಿಸಲು ಹಾಕಿಕೊಂಡದ್ದು ಬಹುಮಟ್ಟಿಗೆ ಇಂಥ ಅಂಚುಗಳಲ್ಲಿಯೇ. 1974ರ ಭೂಸುಧಾರಣೆಯು ಗೇಣಿದಾರನನ್ನು ಒಡೆಯನನ್ನಾಗಿ ಮಾಡಿತು. ಖಾಸಗಿಯವರ ಹಿಡುವಳಿಯಲ್ಲಿ ಬಿಡಾರ ಹೂಡಿದ್ದ ಕೃಷಿ ಕಾರ್ಮಿಕನಿಗೂ ಭೂಸುಧಾರಣಾ ಶಾಸನದ 38ನೆಯ ಪ್ರಕರಣವು ವಾಸದ ಮನೆಯ ಮೇಲೆ ಹಕ್ಕು ಕೊಟ್ಟಿತು. ಸರಕಾರಿ ನೆಲದಲ್ಲಿದ್ದವನಿಗೆ ಈ ಬಾಗಿಲು ತೆರೆಯಲಿಲ್ಲ. ಆತ ನಿವೇಶನದ ಮಂಜೂರಾತಿಯನ್ನೋ, ಅಕ್ರಮ ಮನೆಯ ಸಕ್ರಮವನ್ನೋ ಕಾಯಬೇಕಾಯಿತು. ಜನರ ಬಾಯಲ್ಲಿ ಇಂದು ‘ತೊಂಬತ್ತನಾಲ್ಕು ಸಿ’ ಎಂದು ಓಡಾಡುವ ಪ್ರಕರಣವು ಹಳ್ಳಿಗಳಲ್ಲಿನ ಅಂಥ ಮನೆಗಳಿಗಾಗಿ ಸೇರಿಸಿದ್ದು. ಪಟ್ಟಣಗಳಿಗೆ ‘ತೊಂಬತ್ತನಾಲ್ಕು ಸಿಸಿ’.

ಹೀಗೆ ಕೊಟ್ಟದ್ದನ್ನು ಸರಕಾರ ಹಿಂದಕ್ಕೆ ಪಡೆಯಬಹುದೆ? ಪಡೆಯಬಹುದು, ಆದರೆ ಮನಸ್ಸಿಗೆ ಬಂದಂತೆ ಅಲ್ಲ. 1969ರ ಭೂಮಂಜೂರಾತಿ ನಿಯಮಗಳ 25ನೆಯ ನಿಯಮ ಎರಡು ಕಾರಣಗಳನ್ನು ಹೇಳುತ್ತದೆ. ಸುಳ್ಳು ಹೇಳಿ, ಮೋಸದಿಂದ ಪಡೆದ ಮಂಜೂರಾತಿ ಒಂದು. ನಿಯಮಗಳಿಗೆ ವಿರುದ್ಧವಾಗಿ ಕೊಟ್ಟ ಮಂಜೂರಾತಿ ಇನ್ನೊಂದು. ಅದೇ ನಿಯಮವು ಕೂಡಲೇ ಒಂದು ಬೇಲಿಯನ್ನೂ ಹಾಕಿದೆ. ನೆಲ ಪಡೆದವನಿಗೆ ತನ್ನ ಮಾತು ಹೇಳಲು ಅವಕಾಶ ಕೊಡದೆ ರದ್ದುಪಡಿಸಕೂಡದು.

ವ್ಯಾಜ್ಯಗಳೆಲ್ಲ ಹುಟ್ಟುವುದು ಈ ಎರಡು ಕಾರಣಗಳ ಒಳಗಿಂದ. ಬೇರೆ ಕಡೆ ಮನೆಯೋ ತೋಟವೋ ಇದ್ದವನು ‘ನಿರ್ವಸತಿಕ’ ಎಂದು ಬರೆದುಕೊಟ್ಟಿರುತ್ತಾನೆ. ದನದ ಕೊಟ್ಟಿಗೆಯನ್ನು ವಾಸದ ಮನೆಯೆಂದು ತೋರಿಸಿರುತ್ತಾನೆ. ಇವು ಮೋಸದ ಬಗೆ. ಇನ್ನೊಂದು ಬಗೆಯಲ್ಲಿ ಬಡವನದು ಏನೂ ತಪ್ಪಿರುವುದಿಲ್ಲ. ಕೊಟ್ಟ ಜಾಗ ದಾಖಲೆಯಲ್ಲಿ ಅರಣ್ಯವಾಗಿರಬಹುದು, ದಾರಿಯಾಗಿರಬಹುದು, ಶಾಲೆಗೊ ಸ್ಮಶಾನಕ್ಕೊ ಕಾದಿರಿಸಿದ್ದಾಗಿರಬಹುದು, ನೆರೆಯವರ ಕುಮ್ಕಿಯಾಗಿರಬಹುದು. ಸುಳ್ಯ, ಕಡಬದ ಕಡೆ ಊರು ಮುಗಿಯುವುದೆಲ್ಲಿ, ಕಾಡು ತೊಡಗುವುದೆಲ್ಲಿ ಎಂದು ಕಣ್ಣಳತೆಯಿಂದ ಹೇಳುವುದು ಕಷ್ಟ. ಅರಣ್ಯ ಸಂರಕ್ಷಣೆಯ 1980ರ ಶಾಸನ ಬಂದ ಮೇಲೆ ಕೇಂದ್ರದ ಒಪ್ಪಿಗೆಯಿಲ್ಲದೆ ಅರಣ್ಯವನ್ನು ಬೇರೆ ಉಪಯೋಗಕ್ಕೆ ಕೊಡುವಂತಿಲ್ಲ. ಸರಕಾರದ ಯಾವುದೇ ದಾಖಲೆಯಲ್ಲಿ ಅರಣ್ಯವೆಂದು ಬರೆದಿದ್ದರೆ ಒಡೆತನ ಯಾರದೇ ಇರಲಿ ಅದಕ್ಕೂ ಈ ಕಟ್ಟು ಅನ್ವಯಿಸುತ್ತದೆ ಎಂದು ಸುಪ್ರೀಂ ಕೋರ್ಟು 1996ರ ಡಿಸೆಂಬರ್ 12ರಂದು ಆಜ್ಞೆ ಮಾಡಿತು. ಕಂದಾಯದವರ ಪುಸ್ತಕ ಒಂದು ಹೇಳಿ, ಅರಣ್ಯದವರ ನಕ್ಷೆ ಇನ್ನೊಂದು ಹೇಳಿದರೆ ನಡುವೆ ಸಿಕ್ಕುವವನು ಹಕ್ಕುಪತ್ರ ಹಿಡಿದವನೇ.

ಅಳತೆಯ ತೊಡಕು ಮತ್ತೊಂದು. ದೊಡ್ಡ ಸರ್ವೆ ನಂಬ್ರವೊಂದರಲ್ಲಿ ಹಲವರಿಗೆ ಮಂಜೂರು ಮಾಡಿ, ಪ್ರತಿಯೊಬ್ಬರ ಭಾಗವನ್ನು ಅಳೆದು ಬೇರ್ಪಡಿಸದೆ ಬಿಟ್ಟರೆ, ‘ಪ್ಲಾಟಿಂಗ್ ಆಗಿಲ್ಲ’ ಎಂಬ ಮಾತು ವರುಷಗಟ್ಟಲೆ ಬೆನ್ನು ಹತ್ತುತ್ತದೆ. ಕಾಗದದಲ್ಲಿ ಒಂದು ಕಡೆ, ಮನೆ ಇನ್ನೊಂದು ಕಡೆ ಎಂಬ ವಿಚಿತ್ರವೂ ಆಗ ಸಾಧ್ಯ. ಪುತ್ತೂರು, ಸುಳ್ಯ ತಾಲೂಕುಗಳ ಗ್ರಾಮಗಳನ್ನು ಕೂಡಿಸಿ ಕಡಬ ತಾಲೂಕನ್ನು ರಚಿಸಿದುದರಿಂದ, ಅಲ್ಲಿಯವರು ಹಳೆಯ ಕಡತಕ್ಕಾಗಿ ಎರಡು ಕಚೇರಿಗಳಲ್ಲಿ ವಿಚಾರಿಸಬೇಕಾಗಿ ಬಂದರೆ ಆಶ್ಚರ್ಯವಿಲ್ಲ.

ದೂರು ಕೊಡುವ ನೆರೆಯವನನ್ನು ದುಷ್ಟನೆಂದು ತಿಳಿಯುವುದೂ ನ್ಯಾಯವಲ್ಲ. ತಲೆತಲಾಂತರದಿಂದ ಸೊಪ್ಪು ತಂದ ಗುಡ್ಡದಲ್ಲಿ ತನಗೆ ತಿಳಿಸದೆ ಗಡಿಕಲ್ಲು ನೆಟ್ಟರೆ ಸಣ್ಣ ಹಿಡುವಳಿದಾರನ ಕರುಳೂ ಚುರುಕೆನ್ನುತ್ತದೆ. ಅವನಿಗೂ ನೋಟೀಸು ಹೋಗಬೇಕಿತ್ತು. ಸ್ಥಳ ಮಹಜರು ಅವನ ಸಮಕ್ಷಮದಲ್ಲಿ ಆಗಬೇಕಿತ್ತು. ಆರಂಭದಲ್ಲಿ ಒಂದು ಮಧ್ಯಾಹ್ನ ಮಾಡಬೇಕಾಗಿದ್ದ ಕೆಲಸವನ್ನು ಬಿಟ್ಟುದರಿಂದ ಎರಡು ಮನೆಗಳವರು ಹತ್ತು ವರ್ಷ ಒಬ್ಬರ ಮುಖ ಒಬ್ಬರು ನೋಡದಂತಾಗುತ್ತದೆ.

ನ್ಯಾಯಾಲಯಗಳು ಈ ಪ್ರಶ್ನೆಯನ್ನು ಎರಡೂ ಕಡೆಯಿಂದ ತೂಗಿವೆ. ಗುಜರಾತಿನ ಒಂದು ಮೊಕದ್ದಮೆಯಲ್ಲಿ, ಕಲೆಕ್ಟರು ಮನೆ ಕಟ್ಟಲು ಕೊಟ್ಟ ಅನುಮತಿಯನ್ನು ಮೇಲಧಿಕಾರಿ ವರ್ಷ ಕಳೆದ ಮೇಲೆ ತಳ್ಳಿಹಾಕಿದ್ದ. ಶಾಸನದಲ್ಲಿ ಕಾಲಮಿತಿ ಹೇಳದಿದ್ದರೂ ಅಂಥ ಅಧಿಕಾರವನ್ನು ಯುಕ್ತ ಕಾಲದೊಳಗೇ ಚಲಾಯಿಸಬೇಕೆಂದು ಸುಪ್ರೀಂ ಕೋರ್ಟು 1969ರಲ್ಲಿ ತೀರ್ಮಾನಿಸಿತು. ಅನುಮತಿ ನಂಬಿ ಜನ ಹಣ ಹಾಕಿರುತ್ತಾರಲ್ಲ! ಮುಂಬಯಿಯ ಕಾಲುದಾರಿಗಳಲ್ಲಿ ವಾಸಿಸುತ್ತಿದ್ದವರ ಪರವಾಗಿ ಓಲ್ಗಾ ಟೆಲ್ಲಿಸ್ ಮೊದಲಾದವರು ಹೂಡಿದ ಮೊಕದ್ದಮೆಯಲ್ಲಿ, ಒಕ್ಕಲೆಬ್ಬಿಸುವ ಮೊದಲು ಅವರ ಅಹವಾಲನ್ನು ಕೇಳುವುದು ಸಾಮಾನ್ಯ ಧರ್ಮವೆಂದು 1985ರಲ್ಲಿ ಐವರು ನ್ಯಾಯಾಧೀಶರ ಪೀಠ ಹೇಳಿತು. 2024ರ ನವೆಂಬರ್ 13ರ ತೀರ್ಪು, ಕಟ್ಟಡ ಕೆಡಹುವ ಮೊದಲು 15 ದಿನಗಳ ನೋಟೀಸು ಕೊಡಬೇಕೆಂದು ವಿಧಿಸಿತು. ರಸ್ತೆ, ಕಾಲುದಾರಿ, ಜಲಮೂಲಗಳ ಮೇಲಿನ ಅನಧಿಕೃತ ಕಟ್ಟಡಗಳಿಗೆ ಆ ರಕ್ಷಣೆಯಿಲ್ಲ.

ಇನ್ನೊಂದು ತಟ್ಟೆಯಲ್ಲಿ 2011ರ ಪಂಜಾಬಿನ ತೀರ್ಪಿದೆ. ಊರ ಕೆರೆಯ ಜಾಗವನ್ನು ಆಕ್ರಮಿಸಿ ಮನೆ ಕಟ್ಟಿದವರಿಗೆ, ಬೆಲೆ ಕಟ್ಟಿಸಿಕೊಂಡು ಅದನ್ನು ಬಿಟ್ಟುಕೊಡಲು ಕಲೆಕ್ಟರು ಒಪ್ಪಿದ್ದರು. ಸುಪ್ರೀಂ ಕೋರ್ಟು ಅದನ್ನು ಮಾನ್ಯ ಮಾಡಲಿಲ್ಲ. ಊರೊಟ್ಟಿನ ನೆಲವನ್ನು ಹಣ ತೆತ್ತೋ, ಬಹುಕಾಲ ಕುಳಿತೋ ತನ್ನದಾಗಿಸಿಕೊಳ್ಳಲಾಗದು ಎಂದಿತು. ಆದರೂ ಭೂಹೀನ ಕಾರ್ಮಿಕರಿಗೆ, ಪರಿಶಿಷ್ಟರಿಗೆ ಸರಕಾರದ ಅಧಿಸೂಚನೆಯಂತೆ ಕೊಟ್ಟ ಪ್ರಸಂಗಗಳನ್ನು ಅಪವಾದವಾಗಿ ಪರಿಗಣಿಸಬಹುದೆಂದು ಕಿಟಕಿಯೊಂದನ್ನು ತೆರೆದಿಟ್ಟಿತು. ಇವೆಲ್ಲದರ ಸಾರ ಇಷ್ಟು: ಕಾನೂನು ಕೊಡಗೊಡದ ನೆಲವನ್ನು ಅಧಿಕಾರಿಯ ತಪ್ಪಿನಿಂದ ಪಡೆದವನಿಗೆ ಅದೇ ನೆಲ ಉಳಿಯುತ್ತದೆಂಬ ಭರವಸೆಯಿಲ್ಲ. ಆದರೆ ಅವನ ಮಾತನ್ನು ಕೇಳದೆ ಕಸಿಯುವ ಅಧಿಕಾರ ಯಾರಿಗೂ ಇಲ್ಲ. ಮೋಸ ಮಾಡಿದವನನ್ನೂ ಮೋಸವರಿಯದವನನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. ಎರಡನೆಯವನು ಬದಲಿ ನಿವೇಶನ ಕೇಳುವುದು ಭಿಕ್ಷೆಯೆನಿಸದು.

ಆದೇಶ ಕೈಸೇರಿದವರು ಮಾಡಬೇಕಾದುದೇನು? ಮೊದಲು, ಅದರ ದಿನಾಂಕ ನೋಡುವುದು. ತಹಶೀಲ್ದಾರರ ಆದೇಶದ ಮೇಲೆ ಸಹಾಯಕ ಕಮಿಷನರರಲ್ಲಿ ಮೊದಲ ಅಪೀಲು. ಅದಕ್ಕೆ 60 ದಿನ. ಪುತ್ತೂರು, ಸುಳ್ಯ, ಕಡಬದವರಿಗೆ ಅದು ಪುತ್ತೂರಿನಲ್ಲಿಯೇ. ಅಲ್ಲಿಯ ತೀರ್ಪಿನ ಮೇಲೆ ಮಂಗಳೂರಿನಲ್ಲಿ ಜಿಲ್ಲಾಧಿಕಾರಿಗಳ ಮುಂದೆ ಎರಡನೆಯ ಅಪೀಲು. ಅದಕ್ಕೆ 90 ದಿನ. ದೃಢೀಕೃತ ನಕಲು ಪಡೆಯಲು ಹಿಡಿದ ದಿನಗಳನ್ನು ಕಳೆಯಲಾಗುತ್ತದೆ. ತಡವಾದರೆ ತಕ್ಕ ಕಾರಣ ತೋರಿಸಿ ಕ್ಷಮೆ ಕೇಳಬಹುದು. ಕೇಳಿದ ಮಾತ್ರಕ್ಕೆ ಸಿಕ್ಕೀತೆನ್ನುವಂತಿಲ್ಲ. ಅಪೀಲು ಹಾಕಿದೊಡನೆ ಆದೇಶ ತಾನಾಗಿ ನಿಲ್ಲುವುದಿಲ್ಲ. ತಡೆಯಾಜ್ಞೆಯನ್ನು ಬೇರೆಯಾಗಿಯೇ ಬೇಡಬೇಕು. ಕೊನೆಗೆ, ಸಂವಿಧಾನದ 226 ಮತ್ತು 227ನೆಯ ವಿಧಿಗಳಂತೆ ಹೈಕೋರ್ಟಿನ ಬಾಗಿಲಿದೆ. ಆದರೆ ಕೆಳಗಿನ ಮೆಟ್ಟಿಲನ್ನು ಹಾರಿ ಬಂದವರನ್ನು ಅದು ಅನೇಕ ವೇಳೆ ಹಿಂದಕ್ಕೆ ಕಳುಹಿಸುತ್ತದೆ. ವಿಚಾರಣೆಯಿಲ್ಲದೆ ರದ್ದು ಮಾಡಿದ ಪ್ರಸಂಗದಲ್ಲಿ, ಮತ್ತೆ ಕೇಳಿ ತೀರ್ಮಾನಿಸಿ ಎಂದು ಕಡತವನ್ನು ಹಿಂದಕ್ಕೆ ಕಳುಹಿಸುವುದೂ ಉಂಟು. ಅದು ಪೂರ್ಣ ಗೆಲುವಲ್ಲ. ಆದರೂ ಸೂರು ಉಳಿಯುವ ಗೆಲುವು.

ಎರಡನೆಯದು, ಚೀಲದೊಳಗಿನ ಸಾಮಗ್ರಿ. ಮಂಜೂರಾತಿಗೆ ಮೊದಲು ಅಲ್ಲಿ ವಾಸವಿದ್ದುದಕ್ಕೆ ತೆರಿಗೆ ರಶೀದಿ, ಮತದಾರರ ಪಟ್ಟಿ, ಕರೆಂಟಿನ ಬಿಲ್ಲು ಸಾಕ್ಷಿ ಹೇಳುತ್ತವೆ. ಮೂಲ ಅರ್ಜಿ, ಗ್ರಾಮಕರಣಿಕರ ವರದಿ, ಮಹಜರು, ನಕ್ಷೆ, ಇವುಗಳ ನಕಲನ್ನು ಕಡತದಿಂದ ಪಡೆದಿಟ್ಟುಕೊಂಡವನ ವಾದಕ್ಕೆ ಕಾಲು ಬರುತ್ತದೆ. ಹಾಗೆಯೇ, ಹಕ್ಕುಪತ್ರದ ಹಿಂದೆ ಸಣ್ಣ ಅಕ್ಷರದಲ್ಲಿರುವ ಷರತ್ತುಗಳನ್ನು ಓದಬೇಕು. ನಿಷೇಧದ ಅವಧಿಯಲ್ಲಿ ಕೈಬರಹದ ಕರಾರಿನಿಂದ ಮಾರಿದವನೂ, ಅದನ್ನು ಕೊಂಡವನೂ ಒಟ್ಟಿಗೆ ಕಳೆದುಕೊಳ್ಳುತ್ತಾರೆ.

ವಕೀಲರ ಕಚೇರಿಯಲ್ಲಿ ಗುಮಾಸ್ತರು ಆ ಹೆಂಗಸಿನ ಕಾಗದವನ್ನು ಬೆಳಕಿಗೆ ಹಿಡಿದು ನೋಡುತ್ತಾರೆ.

“ಇದರ ಮೊದಲು ನಿಮಗೆ ನೋಟೀಸು ಏನಾದರೂ ಬಂದಿತ್ತೇ ಅಕ್ಕ?”

“ಇಲ್ಲ ಅಣ್ಣ. ಬಂದದ್ದು ಇದೊಂದೇ.”

“ಆದೇಶವಾಗಿ ಐವತ್ತೆರಡು ದಿನ ಆಯಿತು. ಇಷ್ಟು ದಿನ ಯಾಕೆ ಸುಮ್ಮನಿದ್ದಿರಿ?”

“ರದ್ದಾಯಿತು ಎಂದರೆ ಎಲ್ಲ ಮುಗಿಯಿತು ಎಂದುಕೊಂಡೆವು.”

ಮುಗಿದಿರಲಿಲ್ಲ, ಎಂಟು ದಿನ ಉಳಿದಿತ್ತು. ಹಿಂದಿನ ಸಂಜೆ ನೆರೆಮನೆಯ ಕಾಲೇಜು ಹುಡುಗಿ ಆ ಹಾಳೆಯನ್ನು ಓದಿ, “ಅತ್ತೆ, ನಾಳೆಯೇ ಪುತ್ತೂರಿಗೆ ಹೋಗಿ” ಎಂದು ಬಸ್ಸು ಹತ್ತಿಸದಿದ್ದರೆ ಆ ಎಂಟು ದಿನಗಳೂ ದೇವರ ಪಟದ ಹಿಂದೆಯೇ ಕಳೆದುಹೋಗುತ್ತಿದ್ದವು. ಓದುಬಲ್ಲ ಮನೆಗಳವರು ನೆರೆಹೊರೆಗೆ ಮಾಡಬಹುದಾದ ಉಪಕಾರಗಳಲ್ಲಿ ಇದು ಖರ್ಚಿಲ್ಲದ್ದು. ಯಾರಾದರೂ ಸರಕಾರದ ಕಾಗದ ಹಿಡಿದು ಬಾಗಿಲಿಗೆ ಬಂದರೆ, ಮೊದಲು ಅದರ ತಾರೀಕನ್ನು ಓದಿ ಹೇಳಬೇಕು.