ನಾಚಿಕೆ ಬಿಟ್ಟು ಬಾಯಿ ಬಿಡಿ

ನಮ್ಮ ಪ್ರೆಸ್ಸಿನಲ್ಲಿ ಬೈಂಡಿಂಗ್ ಮಾಡುವ ಹುಡುಗನಿಗೆ ಹೋದ ವರ್ಷ ರಾತ್ರಿ ಪಾಳಿಯಲ್ಲಿ ಎದೆ ಹಿಡಿದುಕೊಂಡಿತು. ಹುಡುಗ ಎಂದರೂ ವಯಸ್ಸು 38. ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡಿದೆವು. ಇಸಿಜಿ ತೆಗೆದ ಮೇಲೆ ಡ್ಯೂಟಿ ಡಾಕ್ಟರು ಒಂದು ಪ್ರಶ್ನೆ ಕೇಳಿದರು: "ಈ ಎರಡು ದಿನದಲ್ಲಿ ವಯಾಗ್ರ ಥರದ ಮಾತ್ರೆ ಏನಾದರೂ ತಗೊಂಡಿದ್ದೀರಾ?" ಪಕ್ಕದಲ್ಲಿ ಅವನ ಹೆಂಡತಿ, ಹೆಂಡತಿಯ ಅಣ್ಣ, ನಾನು. ಇಲ್ಲ ಎಂದು ತಲೆ ಅಲ್ಲಾಡಿಸಿದ. ಆ ಹೆಣ್ಣುಮಗಳು ಬುದ್ಧಿವಂತೆ. ನಮ್ಮನ್ನೆಲ್ಲ ಪರದೆಯ ಆಚೆ ಕಳಿಸಿ ಮತ್ತೊಮ್ಮೆ ಕೇಳಿದರು. ಆಗ ಬಾಯಿ ಬಿಟ್ಟ. ಹಿಂದಿನ ರಾತ್ರಿ ನುಂಗಿದ್ದನಂತೆ. ಸಿದ್ಧವಾಗಿದ್ದ ಒಂದು ಬಾಟಲಿ ವಾಪಸು ಹೋಯಿತು, ಬೇರೆ ಔಷಧಿಗಳಲ್ಲಿ ಚಿಕಿತ್ಸೆ ನಡೆಯಿತು. ಇದನ್ನೆಲ್ಲ ಆಮೇಲೆ ನನಗೆ ಹೇಳಿದ್ದು ಅವನೇ. "ಹೆಸರು ಹಾಕದೆ ಬರೀರಿ ಸಾರ್" ಎಂದದ್ದೂ ಅವನೇ.

ವಾಪಸು ಹೋದ ಬಾಟಲಿಯಲ್ಲಿದ್ದದ್ದು ನೈಟ್ರೋಗ್ಲಿಸರಿನ್. ಹೌದು, ಬಂಡೆ ಒಡೆಯುವ ಡೈನಮೈಟಿನೊಳಗೆ ಇರುವುದೇ ಅದು. 1847ರಲ್ಲಿ ಇಟಲಿಯ ಸೊಬ್ರೆರೊ ಅದನ್ನು ಮೊದಲು ತಯಾರಿಸಿದ. ನಾಲಿಗೆಗೆ ಸೋಕಿಸಿ ನೋಡಿದವನಿಗೆ ತಲೆ ಸಿಡಿಯುವಂಥ ನೋವು ಬಂತು. ಅದೇ ನೋವಿನ ಜಾಡು ಹಿಡಿದು ಹೋದ ಲಂಡನ್ನಿನ ವೈದ್ಯ ವಿಲಿಯಂ ಮುರೆಲ್, 1879ರಲ್ಲಿ ಅದು ಎದೆನೋವಿಗೆ ಮದ್ದಾಗುತ್ತದೆಂದು ಬರೆದ. ಡೈನಮೈಟಿನಿಂದ ಕೋಟ್ಯಧಿಪತಿಯಾದ ಆಲ್‌ಫ್ರೆಡ್ ನೊಬೆಲ್‌ಗೆ ಕೊನೆಗಾಲದಲ್ಲಿ ಹೃದಯದ ಕಾಯಿಲೆ ಬಂದಾಗ ವೈದ್ಯರು ಬರೆದುಕೊಟ್ಟದ್ದೂ ಇದನ್ನೇ! ಗಾಬರಿ ಬೇಡ. ಔಷಧಿಯಾಗಿ ತೆಳುಮಾಡಿದ ದ್ರಾವಣ ಸಿಡಿಯುವುದಿಲ್ಲ.

ಅದು ಮಾಡುವ ಕೆಲಸ ಸರಳ. ರಕ್ತನಾಳದ ಗೋಡೆಯಲ್ಲಿ ಸಣ್ಣ ಸ್ನಾಯುಗಳಿವೆ. ನೈಟ್ರೋಗ್ಲಿಸರಿನ್ ದೇಹದೊಳಗೆ ನೈಟ್ರಿಕ್ ಆಕ್ಸೈಡ್ ಆಗಿ ಬದಲಾಗುತ್ತದೆ. ಅದು ಸ್ನಾಯುವಿನೊಳಗೆ ಸೈಕ್ಲಿಕ್ ಜಿಎಂಪಿ ಎಂಬ ಸಂದೇಶವಾಹಕವನ್ನು ಹೆಚ್ಚಿಸುತ್ತದೆ, ಬಿಗಿದಿದ್ದ ಸ್ನಾಯು ಸಡಿಲವಾಗುತ್ತದೆ. ಮೊದಲು ಹಿಗ್ಗುವುದು ಅಭಿಧಮನಿಗಳು. ರಕ್ತ ಅಲ್ಲೇ ಒಂದಿಷ್ಟು ತಂಗುತ್ತದೆ, ಹೃದಯಕ್ಕೆ ಮರಳುವ ಹೊರೆ ಇಳಿಯುತ್ತದೆ, ಪಂಪಿನ ದುಡಿಮೆ ತಗ್ಗುತ್ತದೆ. ಹೃದಯದ ಸ್ವಂತ ರಕ್ತನಾಳಗಳೂ ಕೊಂಚ ಅಗಲವಾಗುತ್ತವೆ. ನೈಟ್ರಿಕ್ ಆಕ್ಸೈಡಿನ ಈ ಗುಟ್ಟು ಬಿಡಿಸಿದ ಮೂವರು ಅಮೆರಿಕನ್ನರಿಗೆ 1998ರಲ್ಲಿ ನೊಬೆಲ್ ಬಹುಮಾನವೇ ಬಂತು.

ಅದೇ 1998ರಲ್ಲಿ ವಯಾಗ್ರ ಪೇಟೆಗೆ ಇಳಿಯಿತು. ಅದರೊಳಗಿರುವ ಸಿಲ್ಡೆನಾಫಿಲ್ ಅನ್ನು ಕಂಪನಿ ಮೊದಲು ಪರೀಕ್ಷಿಸಿದ್ದು ಎದೆನೋವಿಗೆ ಎಂಬುದು ತಮಾಷೆ. ಕೆಲಸ ಮುಗಿದ ಮೇಲೆ ಸೈಕ್ಲಿಕ್ ಜಿಎಂಪಿಯನ್ನು ಒಡೆದುಹಾಕುವ ಒಂದು ಕಿಣ್ವ ನಮ್ಮಲ್ಲಿದೆ. ಸಿಲ್ಡೆನಾಫಿಲ್ ಆ ಕಿಣ್ವದ ಕೈ ಕಟ್ಟಿಹಾಕುತ್ತದೆ. ಈಗ ನೀವೇ ಲೆಕ್ಕ ಹಾಕಿ. ಒಂದು ಔಷಧಿ ನಲ್ಲಿ ಬಿಚ್ಚುತ್ತದೆ, ಇನ್ನೊಂದು ಮೋರಿ ಮುಚ್ಚುತ್ತದೆ. ರಕ್ತದೊತ್ತಡ ಪಾತಾಳಕ್ಕೆ ಇಳಿಯುತ್ತದೆ. ಮೊದಲೇ ರಕ್ತವಿಲ್ಲದೆ ಒದ್ದಾಡುತ್ತಿರುವ ಹೃದಯಕ್ಕೆ ಇನ್ನಷ್ಟು ಬರಗಾಲ. ಪ್ರಾಣವೇ ಹೋಗಬಹುದು. ಸಿಲ್ಡೆನಾಫಿಲ್ ನುಂಗಿ 24 ಗಂಟೆ, ಟಡಲಾಫಿಲ್ ನುಂಗಿ 48 ಗಂಟೆ ಆಗುವ ತನಕ ನೈಟ್ರೇಟ್ ಕೊಡಬಾರದೆಂಬ ನಿಯಮ ಇರುವುದು ಇದಕ್ಕೇ.

ಡಾಕ್ಟರ ಚೀಟಿ ಇಲ್ಲದೆ ಕೊಡಬಾರದ ಈ ಮಾತ್ರೆ ನಮ್ಮ ಗಲ್ಲಿಗಳಲ್ಲಿ ಹೇಗೆ ಸಿಗುತ್ತದೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಗಿಡಮೂಲಿಕೆ ಎಂದು ಮಾರುವ ಕೆಲವು ಶಕ್ತಿವರ್ಧಕ ಪುಡಿಗಳಲ್ಲೂ ಇದೇ ಸಿಲ್ಡೆನಾಫಿಲ್ ಕದ್ದು ಬೆರೆಸಿರುವುದು ಹಲವು ದೇಶಗಳ ತಪಾಸಣೆಯಲ್ಲಿ ಸಿಕ್ಕಿಬಿದ್ದಿದೆ. ಆದ್ದರಿಂದ "ಮಾತ್ರೆ ತಗೊಂಡಿಲ್ಲ, ಲೇಹ್ಯ ಅಷ್ಟೇ" ಎಂದು ಮುಚ್ಚಿಡಬೇಡಿ. ಅದನ್ನೂ ಹೇಳಿ.

ಇನ್ನು ಡ್ರಿಪ್ಪಿನ ವಿಷಯ. ಈ ಔಷಧಿಯನ್ನು ನೇರವಾಗಿ ಚುಚ್ಚುವಂತಿಲ್ಲ. ಗ್ಲೂಕೋಸ್ ಅಥವಾ ಸಲೈನಿನಲ್ಲಿ ತೆಳುಮಾಡಿ, ಪಂಪಿನ ಮೂಲಕ ನಿಮಿಷಕ್ಕೆ 5ರಿಂದ 10 ಮೈಕ್ರೋಗ್ರಾಂನಷ್ಟೇ ಶುರುಮಾಡಿ, ಬಿಪಿ ನೋಡುತ್ತ ನೋಡುತ್ತ ಏರಿಸುತ್ತಾರೆ. ನಮ್ಮ ರೋಲರಿನ ರಬ್ಬರು ಇಂಕು ಕುಡಿಯುವ ಹಾಗೆ ಸಾಮಾನ್ಯ ಪಿವಿಸಿ ಕೊಳವೆ ಈ ಔಷಧಿಯನ್ನು ಹೀರಿಬಿಡುತ್ತದೆ. ಅದಕ್ಕೇ ಬೇರೆ ಜಾತಿಯ ಕೊಳವೆ ಬೇಕು. ರಾತ್ರಿ ಕಾವಲು ಕೂತ ನಮ್ಮ ಜನಕ್ಕೆ ಒಂದು ಕೆಟ್ಟ ಚಾಳಿ ಇದೆ, ಡ್ರಿಪ್ ಬೇಗ ಮುಗಿಯಲಿ ಎಂದು ಚಕ್ರ ತಿರುಗಿಸುವುದು. ದಯವಿಟ್ಟು ಕೈ ಹಚ್ಚಬೇಡಿ! ರೋಗಿಗೆ ತಲೆ ಸುತ್ತಿದರೆ, ಬೆವರಿದರೆ, ಕಣ್ಣು ಮಂಜಾದರೆ ತಕ್ಷಣ ನರ್ಸನ್ನು ಕೂಗಿ. ಎಬ್ಬಿಸಿ ಕೂರಿಸಬೇಡಿ, ಮಲಗಿರಲಿ. ಔಷಧಿ ನಿಲ್ಲಿಸಿದರೆ ಕೆಲವೇ ನಿಮಿಷದಲ್ಲಿ ಅದರ ಪ್ರಭಾವ ಇಳಿಯುತ್ತದೆ, ಅದು ಇದರ ದೊಡ್ಡ ಗುಣ. ಬರೀ ತಲೆನೋವಾದರೆ ಹೆದರಬೇಕಿಲ್ಲ, ಹೇಳಿದರೆ ಸಾಕು. ದಿನಗಟ್ಟಲೆ ಹರಿಸಿದರೆ ದೇಹ ಒಗ್ಗಿಹೋಗಿ ಮದ್ದಿನ ಹಿಡಿತ ಸಡಿಲವಾಗುತ್ತದೆ. ಬಿಪಿ ಮೊದಲೇ ತೀರಾ ಕಡಿಮೆ ಇದ್ದವರಿಗೆ, ಹೃದಯದ ಬಲಭಾಗಕ್ಕೆ ಪೆಟ್ಟು ಬಿದ್ದವರಿಗೆ ಇದು ಅಪಾಯ.

ಜನ ಇನ್ನೊಂದು ಕಡೆ ಎಡವುತ್ತಾರೆ. ನೈಟ್ರೋಗ್ಲಿಸರಿನ್ ನೋವು ತಗ್ಗಿಸುತ್ತದೆ, ಹೊರೆ ಇಳಿಸುತ್ತದೆ. ನಾಳದಲ್ಲಿ ಕಟ್ಟಿಕೊಂಡ ಗಡ್ಡೆಯನ್ನು ಕರಗಿಸುವುದಿಲ್ಲ. ಹೃದಯಾಘಾತವಾದ ಎಲ್ಲರಿಗೂ ಇದನ್ನು ಕೊಟ್ಟು ನೋಡಿದ ಇಟಲಿಯ ಜಿಸ್ಸಿ-3 ಎಂಬ ದೊಡ್ಡ ಪರೀಕ್ಷೆ, ಸಾವಿನ ಸಂಖ್ಯೆ ಅದರಿಂದ ಹೇಳಿಕೊಳ್ಳುವಷ್ಟು ತಗ್ಗಲಿಲ್ಲವೆಂದು 1994ರಲ್ಲಿ ತಿಳಿಸಿತು. ಗಡ್ಡೆ ಕರಗಿಸುವುದು ಟೆನೆಕ್ಟೆಪ್ಲೇಸ್‌ನಂಥ ಬೇರೆ ಚುಚ್ಚುಮದ್ದು. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ಕೊಡುವುದು ಅದನ್ನು. ಆದ್ದರಿಂದ ನಾಲಿಗೆಯ ಕೆಳಗೆ ಸಾರ್ಬಿಟ್ರೇಟ್ ಇಟ್ಟುಕೊಂಡು ನೋವು ಕಡಿಮೆಯಾಯಿತೆಂದು ಮನೆಯಲ್ಲಿ ಮಲಗಬೇಡಿ. ಅದೂ ನೈಟ್ರೇಟೇ, ವಯಾಗ್ರದ ನಿಯಮ ಅದಕ್ಕೂ ಉಂಟು. ಅಪ್ಪನ ಡಬ್ಬಿಯಿಂದ ತೆಗೆದು ಪಕ್ಕದ ಮನೆಯವನ ಬಾಯಿಗೆ ಹಾಕುವ ಧರ್ಮಕಾರ್ಯವೂ ಬೇಡ. 108ಕ್ಕೆ ಫೋನು ಮಾಡಿ.

ಬೈಂಡಿಂಗ್ ಹುಡುಗ ಈಗ ಕೆಲಸಕ್ಕೆ ಬರುತ್ತಿದ್ದಾನೆ. ರಾತ್ರಿ ಪಾಳಿ ತಪ್ಪಿಸಿದ್ದೇನೆ. ಸಿಗರೇಟು ಬಿಟ್ಟಿದ್ದೇನೆ ಎನ್ನುತ್ತಾನೆ, ನಾನಿನ್ನೂ ಪೂರ್ತಿ ನಂಬಿಲ್ಲ.