ಓದೋ, ದುಡಿಮೆಯೋ: ಮಗಳನ್ನು ಕೇಳಿದಿರಾ?

ಪಿಯುಸಿ ಫಲಿತಾಂಶ ಬಂತೆಂದರೆ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ಸಂಘದ ಸಭೆಗಳಲ್ಲಿ ತಾಯಂದಿರು ನನ್ನನ್ನು ಕೇಳುವುದು ಒಂದೇ ಪ್ರಶ್ನೆ: "ಮೇಡಂ, ಮಗಳನ್ನ ಡಿಗ್ರಿಗೆ ಸೇರಿಸೋದಾ, ಗಾರ್ಮೆಂಟ್ಸ್‌ಗೆ ಕಳಿಸೋದಾ?"

ಮೂವತ್ತು ವರ್ಷ ಕಾಲೇಜಿನಲ್ಲಿ ಪಾಠ ಹೇಳಿದ ನಾನು ಕಣ್ಣು ಮುಚ್ಚಿ "ಡಿಗ್ರಿಗೆ" ಎನ್ನುತ್ತಿದ್ದೆ. ಈಗ ಹಾಗೆ ಹೇಳಲಾರೆ. ಅದಕ್ಕೆ ಕಾರಣ ನನ್ನ ವಿದ್ಯಾರ್ಥಿನಿಯೊಬ್ಬಳು ಮತ್ತು ಅವಳ ತಂಗಿ. ಹೊಗೆಸೊಪ್ಪು ಬೆಳೆಯುವ ಮನೆಯವರು. ನನ್ನ ಮಾತು ಕೇಳಿ ಅಕ್ಕ ಬಿ.ಎ. ಮುಗಿಸಿದಳು. ಓದಿದ ಹುಡುಗಿಗೆ ಅವಳಿಗಿಂತ ಹೆಚ್ಚು ಓದಿದ ಗಂಡೇ ಬೇಕೆಂದರು. ಹೆಚ್ಚು ಓದಿದ ಗಂಡಿನ ಬೆಲೆಯೂ ಹೆಚ್ಚು! ಸೊಪ್ಪು ಹರಾಜಾಗಿ ಬಂದ ದುಡ್ಡೆಲ್ಲ ಅವನ ಪಾಲಾಯಿತು. ಅಂಕಪಟ್ಟಿ ಟ್ರಂಕಿನ ತಳ ಸೇರಿತು. ಬಾಕಿ ಚಿನ್ನಕ್ಕಾಗಿ ಹೊಡೆತ ತಿಂದು ತವರಿಗೆ ಮರಳಿದಾಗ ಅವಳ ಬಳಿ ಪದವಿಯಿತ್ತು, ಒಂದು ದಿನ ದುಡಿದ ಅನುಭವವಿರಲಿಲ್ಲ.

ತಂಗಿ ಪಿಯುಸಿಗೇ ನಿಲ್ಲಿಸಿ ಗಾರ್ಮೆಂಟ್ಸ್ ಸೇರಿದಳು. ಐದು ವರ್ಷದ ಸಂಬಳ ಅಪ್ಪನ ಕೈಗೆ ಹೋಯಿತು. ಅದೇ ದುಡ್ಡು ಅವಳ ಮದುವೆಯಲ್ಲಿ ಗಂಡಿನ ಬೈಕಾಯಿತು, ಉಂಗುರವಾಯಿತು. ತನ್ನ ವರದಕ್ಷಿಣೆಗೆ ತಾನೇ ದುಡಿದಳು.

ಹಾಗಾದರೆ ಓದೂ ಬೇಡ, ದುಡಿಮೆಯೂ ಬೇಡವೇ? ಎರಡೂ ಬೇಕು. ಆದರೆ ಅವುಗಳ ಫಲ ಅವಳದಾಗಬೇಕು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಹಣದ ಚಿಂತೆಯಿಲ್ಲ. ಹಾಡಿಗೆ, ಒಳಗಿನ ಊರಿಗೆ ಬಸ್ಸೇ ಬರದಿದ್ದರೆ ಅದಕ್ಕಾಗಿ ನಾವು ಒಟ್ಟಾಗಿ ಕೇಳಬೇಕು. ದುಡಿಯಲೇಬೇಕಾದ ಹುಡುಗಿಗೆ ಮೈಸೂರಿನಲ್ಲಿ 1996ರಲ್ಲಿ ಆರಂಭವಾದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಿದೆ. ಕೆಲಸ ಬಿಡದೆಯೇ ಪದವಿ ಪಡೆಯಬಹುದು.

2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರು ಬೀದಿಗಿಳಿದದ್ದು ನೆನಪಿದೆಯೇ? ತಮ್ಮ ಭವಿಷ್ಯನಿಧಿ ಹಣ ತೆಗೆಯಲು ಹಾಕಿದ್ದ ನಿರ್ಬಂಧವನ್ನು ಕೇಂದ್ರ ಸರ್ಕಾರ ಹಿಂತೆಗೆಯುವಂತೆ ಮಾಡಿದರು. ಸರ್ಕಾರವನ್ನೇ ಮಣಿಸಿದ ಹೆಣ್ಣುಮಕ್ಕಳು ಮನೆಯಲ್ಲಿ "ನನ್ನ ಸಂಬಳ ನನ್ನ ಖಾತೆಯಲ್ಲಿರಲಿ" ಎನ್ನಲು ಅಂಜಬೇಕೇ?

ಇನ್ನು ನಮ್ಮದೇ ತಪ್ಪಿನ ಮಾತು. ಸಂಘದ ಪುಸ್ತಕದಲ್ಲಿ "ಹಸುವಿಗೆ" ಎಂದು ಬರೆಸಿದ ಸಾಲ ಬೀಗರ ಮನೆ ಸೇರುವುದು ನಮಗೆ ಗೊತ್ತಿಲ್ಲವೇ? 1961ರ ವರದಕ್ಷಿಣೆ ನಿಷೇಧ ಕಾಯ್ದೆಯಲ್ಲಿ ತೆಗೆದುಕೊಳ್ಳುವುದಷ್ಟೇ ಅಲ್ಲ, ಕೊಡುವುದೂ ಅಪರಾಧ. ಮುಂದಿನ ಸಭೆಯಲ್ಲಿ ಎರಡು ನಿರ್ಣಯ ಬರೆಯೋಣ. ಮಗಳ ಫೀಸಿಗೆ, ಕಸುಬಿನ ಕಲಿಕೆಗೆ ಸಾಲ ಮೊದಲು, ವರದಕ್ಷಿಣೆಗೆ ಒಂದು ರೂಪಾಯಿಯೂ ಇಲ್ಲ. ದುಡಿಯುವ ಮಗಳ ಪಾಸ್‌ಬುಕ್ ಅವಳ ಕೈಯಲ್ಲೇ ಇರಬೇಕು.

ಅಂದು ಆ ಹುಡುಗಿಗೆ ನಾನು ಬುದ್ಧಿ ಹೇಳಿದೆ. "ನಿನಗೇನು ಬೇಕಮ್ಮ?" ಎಂದು ಕೇಳಲೇ ಇಲ್ಲ. ಸೋದರಿಯರೇ, ನೀವಾದರೂ ಕೇಳಿ.