ಇಪ್ಪತ್ತೇಳು ಉಸಿರುಗಳ ಕಾಯೋತ್ಸರ್ಗ

ರಾತ್ರಿ ಹನ್ನೊಂದು ಗಂಟೆ. ಮನೆಯವರೆಲ್ಲ ಮಲಗಿದ್ದಾರೆ. ಗೃಹಸ್ಥನೊಬ್ಬನಿಗೆ ಮಾತ್ರ ನಿದ್ರೆಯಿಲ್ಲ. ತೀರಿಸಬೇಕಾದ ಸಾಲ, ಅಣ್ಣನೊಡನೆ ಬಗೆಹರಿಯದ ಜಮೀನಿನ ವಿವಾದ, ಹಗಲು ಕೇಳಿದ ಕಟುನುಡಿ ಒಂದರ ಹಿಂದೊಂದು ನೆನಪಾಗುತ್ತಿವೆ. ತಲೆ ಭಾರವೆನಿಸಿ ರಕ್ತದೊತ್ತಡ ಅಳೆಯುವ ಯಂತ್ರದ ಪಟ್ಟಿಯನ್ನು ತೋಳಿಗೆ ಸುತ್ತಿಕೊಳ್ಳುತ್ತಾನೆ. 156 ಎಂಬ ಅಂಕಿ ಮೂಡುತ್ತದೆ. ಎದೆ ಧಸಕ್ಕೆನ್ನುತ್ತದೆ. ಮತ್ತೆ ಅಳೆದರೆ 164. ಮೂರನೆಯ ಸಲ 171. ಸಾಲವೂ ವಿವಾದವೂ ಹಿಂದೆ ಸರಿದು, ಈಗ ಅಂಕಿಯೇ ಅವನ ಚಿಂತೆಯಾಗಿದೆ. ಇಂಥ ರಾತ್ರಿಗಳು ಇಂದು ಅನೇಕ ಮನೆಗಳಿಗೆ ಪರಿಚಿತ.

ಭಯವಾಗಲಿ ಕೋಪವಾಗಲಿ ಮನಸ್ಸಿನಲ್ಲಿ ಹುಟ್ಟಿದೊಡನೆ ದೇಹ ಅದಕ್ಕೆ ಉತ್ತರ ಕೊಡುತ್ತದೆ. ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳಿಂದ ಅಡ್ರಿನಲಿನ್ ಎಂಬ ಸ್ರಾವ ರಕ್ತಕ್ಕೆ ಸೇರುತ್ತದೆ. ಹೃದಯದ ಬಡಿತ ತೀವ್ರವಾಗುತ್ತದೆ, ರಕ್ತನಾಳಗಳು ಬಿಗಿಯುತ್ತವೆ, ಒತ್ತಡ ಏರುತ್ತದೆ. ಎದುರಿಗೆ ಹುಲಿ ಬಂದಾಗ ಪ್ರಾಣ ಉಳಿಸುವ ವ್ಯವಸ್ಥೆಯಿದು. ಹುಲಿ ಹೋದ ಮೇಲೆ ಅದು ತಾನಾಗಿಯೇ ಶಾಂತವಾಗಬೇಕು. ಆದರೆ ಮನಸ್ಸು ಹೋದ ಹುಲಿಯನ್ನು ಮತ್ತೆ ಮತ್ತೆ ಕರೆತರುತ್ತದೆ. ವೈದ್ಯರ ಎದುರು ಕುಳಿತಾಗ ಮಾತ್ರ ಹಲವರ ರಕ್ತದೊತ್ತಡ ಏರುವುದೂ ಇದೇ ಕಾರಣದಿಂದ.

ಈ ಮರಳಿ ಮರಳಿ ನೆನೆಯುವಿಕೆಗೆ ಜೈನ ಆಚಾರ್ಯರು ಆರ್ತಧ್ಯಾನ ಎಂಬ ಹೆಸರಿಟ್ಟರು. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯ ಆರ್ತ, ರೌದ್ರ, ಧರ್ಮ್ಯ, ಶುಕ್ಲವೆಂದು ಧ್ಯಾನವನ್ನು ನಾಲ್ಕಾಗಿ ವಿಂಗಡಿಸುತ್ತದೆ. ಧ್ಯಾನವೆಂದರೆ ಸದಾ ಒಳ್ಳೆಯದೆಂಬ ಭಾವನೆಯನ್ನು ಈ ವಿಂಗಡಣೆ ತಿದ್ದುತ್ತದೆ. ಚಿಂತೆಯೂ ಒಂದು ಏಕಾಗ್ರತೆಯೇ. ಅದು ತಪ್ಪು ವಸ್ತುವಿನ ಮೇಲೆ ನೆಟ್ಟ ಏಕಾಗ್ರತೆ. ಬೇಡವಾದುದು ಬಂದು ಸೇರಿತೆಂಬ ಕೊರಗು, ಬೇಕಾದುದು ಅಗಲಿತೆಂಬ ದುಃಖ, ನೋವನ್ನೇ ನೆನೆಯುವ ಪೀಡಾಚಿಂತನೆ, ಮುಂದೆ ಹೀಗೆಯೇ ಆಗಲೆಂಬ ಹಂಬಲದ ನಿದಾನ ಎಂದು ಆರ್ತಧ್ಯಾನಕ್ಕೂ ನಾಲ್ಕು ಮುಖಗಳಿವೆ. ನಡುರಾತ್ರಿಯಲ್ಲಿ ಯಂತ್ರದ ಮುಂದೆ ಮೂರು ಸಲ ಕುಳಿತವನದು ಪೀಡಾಚಿಂತನೆ.

ಕರ್ಮಸಿದ್ಧಾಂತ ಇಲ್ಲಿ ಒಂದು ಸೂಕ್ಷ್ಮವನ್ನು ತೋರಿಸುತ್ತದೆ. ದೇಹಕ್ಕೆ ನೋವು ಬರುವುದು ಅಸಾತಾವೇದನೀಯ ಕರ್ಮದ ಉದಯದಿಂದ. ಅದು ಹಿಂದೆ ಬಿತ್ತಿದ ಬೀಜದ ಫಲ, ಅನುಭವಿಸಿದಂತೆ ಕಳಚಿಹೋಗುತ್ತದೆ. ಆದರೆ ಆ ನೋವಿನ ಮೇಲೆ ಕ್ರೋಧ, ಮಾನ, ಮಾಯೆ, ಲೋಭಗಳೆಂಬ ಕಷಾಯಗಳು ಎದ್ದರೆ ಹೊಸ ಕರ್ಮ ಬಿಗಿಯಾಗಿ ಅಂಟಿಕೊಳ್ಳುತ್ತದೆ. ಬಂದ ಕಷ್ಟ ಒಂದು, ಅದಕ್ಕೆ ಮನಸ್ಸು ಕೂಡಿಸಿದ ಕಷ್ಟ ಇನ್ನೊಂದು. ಮೊದಲನೆಯದು ಎಲ್ಲ ಸಲವೂ ಕೈಯಲ್ಲಿರುವುದಿಲ್ಲ. ಎರಡನೆಯದರಲ್ಲಿ ಶ್ರಾವಕನಿಗೆ ಸ್ವಾತಂತ್ರ್ಯವಿದೆ, ಹೊಣೆಯೂ ಇದೆ.

ಈ ಹೊಣೆಯನ್ನು ನಿರ್ವಹಿಸಲು ಪರಂಪರೆ ಕೊಟ್ಟ ಸರಳ ಸಾಧನ ಕಾಯೋತ್ಸರ್ಗ. ಷಡಾವಶ್ಯಕಗಳಲ್ಲಿ ಅದೂ ಒಂದು. ದೇಹದ ಮೇಲಿನ ಮಮತೆಯನ್ನು ಕೆಲಕಾಲ ಬಿಟ್ಟು ನಿಶ್ಚಲವಾಗಿರುವುದು ಅದರ ಅರ್ಥ. ನಿತ್ಯದ ಕ್ರಿಯೆಗಳಲ್ಲಿ ಮಾಡುವ ಒಂದು ಕಾಯೋತ್ಸರ್ಗಕ್ಕೆ ದಿಗಂಬರ ಸಂಪ್ರದಾಯ ಇಪ್ಪತ್ತೇಳು ಉಚ್ಛ್ವಾಸಗಳ ಅಳತೆ ಹೇಳುತ್ತದೆ. ಪಂಚನಮಸ್ಕಾರ ಮಂತ್ರದ ಮೊದಲ ಎರಡು ಪದಗಳು ಒಂದು ಉಸಿರಿಗೆ, ಮುಂದಿನೆರಡು ಇನ್ನೊಂದಕ್ಕೆ, ಕೊನೆಯದು ಮೂರನೆಯದಕ್ಕೆ. ಹೀಗೆ ಒಂಬತ್ತು ಸಲ ಮಂತ್ರವನ್ನು ಮನಸ್ಸಿನಲ್ಲೇ ಸ್ಮರಿಸಿದರೆ ಇಪ್ಪತ್ತೇಳು ಉಸಿರುಗಳಾಗುತ್ತವೆ. ಅವಸರವಿಲ್ಲದೆ, ನಿಮಿಷಕ್ಕೆ ಆರು ಉಸಿರಿನಂತೆ ನಡೆದರೆ ಇದಕ್ಕೆ ನಾಲ್ಕೂವರೆ ನಿಮಿಷ ಬೇಕು.

ರಕ್ತದೊತ್ತಡ ಅಳೆಯುವ ಮುನ್ನ ಐದು ನಿಮಿಷ ಸುಮ್ಮನೆ ಕುಳಿತಿರಬೇಕೆಂದು ವೈದ್ಯರೂ ಹೇಳುತ್ತಾರೆ. ಬೆನ್ನಿಗೆ ಆಸರೆಯಿರಬೇಕು, ಪಾದಗಳು ನೆಲದ ಮೇಲಿರಬೇಕು, ತೋಳು ಹೃದಯದ ಮಟ್ಟದಲ್ಲಿರಬೇಕು, ಮಾತು ಕೂಡದು. ಅರ್ಧ ಗಂಟೆ ಮುಂಚಿನಿಂದ ಕಾಫಿ, ಚಹಾ ಬೇಡ. ಕಾಯೋತ್ಸರ್ಗವನ್ನು ಕುಳಿತೂ ಮಾಡಬಹುದಾದ್ದರಿಂದ ಆ ಐದು ನಿಮಿಷಗಳನ್ನು ಅದಕ್ಕೇ ಮೀಸಲಿಡುವುದು ಸುಲಭ. ನಿಧಾನವಾಗಿ ಉಸಿರಾಡಿದಾಗ, ಅದರಲ್ಲೂ ಉಸಿರನ್ನು ದೀರ್ಘವಾಗಿ ಹೊರಬಿಟ್ಟಾಗ, ಹೃದಯವನ್ನು ಶಾಂತಗೊಳಿಸುವ ನರ ಚುರುಕಾಗುತ್ತದೆ. ಬಡಿತ ನಿಧಾನವಾಗುತ್ತದೆ, ಒತ್ತಡವೂ ತುಸು ಇಳಿಯುವುದುಂಟು. ಆಚಾರ್ಯರು ಕಾಯೋತ್ಸರ್ಗವನ್ನು ವಿಧಿಸಿದ್ದು ರಕ್ತದೊತ್ತಡಕ್ಕಾಗಿಯಲ್ಲ, ಆತ್ಮಶುದ್ಧಿಗಾಗಿ. ಆದರೂ ಶಾಂತವಾದ ಮನಸ್ಸಿನ ಉಪಕಾರ ಅದು ನೆಲೆಸಿರುವ ದೇಹಕ್ಕೂ ಸಲ್ಲುತ್ತದೆ.

ಶ್ರವಣಬೆಳಗೊಳದಲ್ಲಿ ಚಾವುಂಡರಾಯ 981ರಲ್ಲಿ ನಿಲ್ಲಿಸಿದ 58 ಅಡಿಯ ಬಾಹುಬಲಿ ಮೂರ್ತಿ ಕಾಯೋತ್ಸರ್ಗದ ಭಂಗಿಯಲ್ಲಿದೆ. ಅಣ್ಣ ತಮ್ಮಂದಿರ ನೆಲದ ವಿವಾದ ಅಲ್ಲಿಯೂ ಇತ್ತು. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಮೂರರಲ್ಲೂ ಗೆದ್ದ ಬಾಹುಬಲಿ ಗೆದ್ದದ್ದನ್ನೇ ಬಿಟ್ಟು ನಿಂತ. ಇಳಿಬಿಟ್ಟ ಆ ತೋಳುಗಳಲ್ಲಿ ಹಿಡಿದುಕೊಳ್ಳಬೇಕೆಂಬ ತವಕವೇ ಇಲ್ಲ. ಗೃಹಸ್ಥನಿಗೆ ರಾಜ್ಯತ್ಯಾಗ ಸಾಧ್ಯವಾಗದಿರಬಹುದು. ನಾಲ್ಕೂವರೆ ನಿಮಿಷ ವಿವಾದವನ್ನು ಕೈಬಿಡುವುದು ಸಾಧ್ಯ.

ದೇಹದ ಮಮತೆಯನ್ನು ಬಿಡಬೇಕಾದರೆ ಮಾತ್ರೆ ಏಕೆ ಎಂದು ಕೆಲವು ಶ್ರದ್ಧಾವಂತರು ಕೇಳುವುದುಂಟು. ಮಮತೆಯನ್ನು ಬಿಡುವುದು ಬೇರೆ, ದೇಹವನ್ನು ಅಲಕ್ಷಿಸುವುದು ಬೇರೆ. ಆಹಾರ, ಅಭಯ, ಭೈಷಜ್ಯ, ಶಾಸ್ತ್ರವೆಂಬ ನಾಲ್ಕು ದಾನಗಳನ್ನು ಕನ್ನಡ ನಾಡಿನ ಜೈನ ಶಾಸನಗಳು ಕೊಂಡಾಡಿವೆ. ಉಗ್ರಾದಿತ್ಯಾಚಾರ್ಯರಂಥ ಮುನಿಗಳು ಮದ್ಯ, ಮಾಂಸ, ಮಧುಗಳಿಲ್ಲದ ಚಿಕಿತ್ಸೆಯನ್ನು ಬೋಧಿಸುವ ‘ಕಲ್ಯಾಣಕಾರಕ’ ಎಂಬ ವೈದ್ಯಗ್ರಂಥವನ್ನೇ ರಚಿಸಿದರು. ಔಷಧವನ್ನು ಕೊಡುವುದು ಪುಣ್ಯವೆನ್ನುವ ಧರ್ಮದಲ್ಲಿ ಅದನ್ನು ಸ್ವೀಕರಿಸುವುದು ದೌರ್ಬಲ್ಯವಾಗಲಾರದು. ಅಧಿಕ ರಕ್ತದೊತ್ತಡ ಬಹುಮಟ್ಟಿಗೆ ಯಾವ ಮುನ್ಸೂಚನೆಯನ್ನೂ ಕೊಡದು. ಮನಸ್ಸು ಹಗುರವಾಯಿತೆಂದು ಮಾತ್ರೆಯನ್ನು ತಾನಾಗಿಯೇ ನಿಲ್ಲಿಸುವುದೂ, ಅಂಕಿ ಏರಿತೆಂದು ಹೆಚ್ಚುವರಿ ಮಾತ್ರೆ ನುಂಗುವುದೂ ಒಂದೇ ಬಗೆಯ ಅವಿವೇಕ.

ವ್ರತನಿಯಮಗಳಲ್ಲೂ ಈ ವಿವೇಕ ಬೇಕು. ಸೂರ್ಯಾಸ್ತದ ನಂತರ ನೀರನ್ನೂ ಮುಟ್ಟದ ಶ್ರಾವಿಕೆ ರಾತ್ರಿಯ ಮಾತ್ರೆಯನ್ನು ಯಾರಿಗೂ ಹೇಳದೆ ಬಿಟ್ಟುಬಿಡುವುದಕ್ಕಿಂತ, ತನ್ನ ನಿಯಮವನ್ನು ವೈದ್ಯರಿಗೆ ತಿಳಿಸುವುದು ಲೇಸು. ಅನೇಕರಿಗೆ ಮಾತ್ರೆಯ ಹೊತ್ತನ್ನು ಬದಲಿಸಲು ಸಾಧ್ಯವಾಗುತ್ತದೆ. ಮೂತ್ರ ಹೆಚ್ಚಿಸುವ ಮಾತ್ರೆ ನಿರ್ಜಲ ಉಪವಾಸದ ದಿನ ದೇಹವನ್ನು ಬಳಲಿಸಬಹುದು. ಇನ್ನು ಕೆಲವು ಮಾತ್ರೆಗಳನ್ನು ಹಠಾತ್ತನೆ ಬಿಟ್ಟರೆ ಒತ್ತಡ ಮೇಲೇರಬಹುದು. ದಶಲಕ್ಷಣ ಪರ್ವಕ್ಕೆ ಮುನ್ನವೇ ಈ ಮಾತು ಇತ್ಯರ್ಥವಾಗಬೇಕು. ಷೋಡಶಕಾರಣ ಭಾವನೆಗಳಲ್ಲಿ ತ್ಯಾಗಕ್ಕೂ ತಪಕ್ಕೂ ‘ಶಕ್ತಿಗೆ ತಕ್ಕಂತೆ’ ಎಂಬ ವಿಶೇಷಣವಿದೆ. ರಕ್ತದೊತ್ತಡವುಳ್ಳವರಿಗೆ ಅನುಕೂಲವಾದ ತಪವೂ ಒಂದಿದೆ: ರಸಪರಿತ್ಯಾಗದಲ್ಲಿ ಬಿಡಬೇಕಾದ ಆರು ರಸಗಳಲ್ಲಿ ಉಪ್ಪೂ ಸೇರಿದೆ. ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ.

ಸಾಧನೆಗೆ ಹೊತ್ತಲ್ಲದ ಗಳಿಗೆಯನ್ನೂ ಗುರುತಿಸಬೇಕು. ಎದೆನೋವು, ಉಸಿರುಕಟ್ಟುವಿಕೆ, ಮಾತು ತೊದಲುವುದು, ಮುಖ ಅಥವಾ ಕೈಕಾಲಿನ ಒಂದು ಬದಿ ಸೋಲುವುದು, ದೃಷ್ಟಿ ಮಂಜಾಗುವುದು, ಹಿಂದೆಂದೂ ಕಾಣದ ತಲೆನೋವು ಕಾಣಿಸಿಕೊಂಡರೆ ಅಂಕಿ ಎಷ್ಟೇ ಇರಲಿ, ಕಾಯೋತ್ಸರ್ಗಕ್ಕೆ ಕೂರದೆ 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಹೊರಡಬೇಕು. ಇಂಥ ಲಕ್ಷಣಗಳಿಲ್ಲದೆ 180/120ರ ಮಟ್ಟ ಕಂಡರೆ ಐದು ನಿಮಿಷ ವಿಶ್ರಮಿಸಿ ಮತ್ತೊಮ್ಮೆ ಅಳೆಯಬೇಕು. ಆಗಲೂ ಹಾಗೆಯೇ ಇದ್ದರೆ ತಡಮಾಡದೆ ವೈದ್ಯರನ್ನು ಸಂಪರ್ಕಿಸಬೇಕು.

ಆ ಗೃಹಸ್ಥನಿಗೆ ಅಂಥ ಲಕ್ಷಣಗಳಾವುವೂ ಇಲ್ಲ. ಅವನು ಯಂತ್ರವನ್ನು ಪಕ್ಕಕ್ಕಿಟ್ಟು, ಕುರ್ಚಿಗೊರಗಿ, ಕಣ್ಣು ಮುಚ್ಚಿ ಇಪ್ಪತ್ತೇಳು ಉಸಿರುಗಳನ್ನು ಎಣಿಸಲಿ. ಬಳಿಕ ಒಮ್ಮೆ ಮಾತ್ರ ಅಳೆದು, ಬಂದ ಅಂಕಿಯನ್ನು ಬರೆದಿಡಲಿ. ಅದು ಇಳಿದಿರಬಹುದು, ಇಳಿಯದೆಯೂ ಇರಬಹುದು. ಬೆಳಿಗ್ಗೆ ಆ ಚೀಟಿ ವೈದ್ಯರ ಕೈ ಸೇರಲಿ. ಸಾಲ ನಾಳೆಯೂ ಇರುತ್ತದೆ. ಜಮೀನಿನ ಮಾತೂ ಮುಗಿದಿರುವುದಿಲ್ಲ. ಪ್ರತಿ ಸಂಜೆ ಪ್ರತಿಕ್ರಮಣದಲ್ಲಿ ಎಲ್ಲ ಜೀವಿಗಳ ಕ್ಷಮೆ ಬೇಡುವಾಗ ಆ ಅಣ್ಣನ ಮುಖವನ್ನೂ ನೆನೆದರೆ, ಅಂಕಿಯನ್ನು ಏರಿಸುತ್ತಿದ್ದ ಕಷಾಯದ ಬೇರು ಸಡಿಲಗೊಳ್ಳತೊಡಗುತ್ತದೆ. ದೇಹದ ಒತ್ತಡವನ್ನು ವೈದ್ಯರು ನೋಡಿಕೊಳ್ಳಲಿ. ಮನಸ್ಸಿನ ಬಿಗಿತವನ್ನು ಬಿಚ್ಚುವ ಕೆಲಸ ಶ್ರಾವಕನದೇ.